ತೈಪೂಸಂ ಮತ್ತು ಗ್ರ್ಯಾನ್ ಪ್ರೀ: ಸಿಂಗಪುರದ ರಸ್ತೆ ಯಾರಿಗೆ, ಯಾವಾಗ?

ಸಿಂಗಪುರದಲ್ಲಿ ರಸ್ತೆ ಮುಚ್ಚುವುದೆಂದರೆ ಸಣ್ಣ ಮಾತಲ್ಲ. ಕಾರು ಕೊಳ್ಳುವ ಮುಂಚೆ ಅದನ್ನು ಹತ್ತು ವರ್ಷ ಇಟ್ಟುಕೊಳ್ಳುವ ಹಕ್ಕುಪತ್ರಕ್ಕಾಗಿ ಹರಾಜಿನಲ್ಲಿ ಕೂಗಬೇಕಾದ ಊರು ಅದು. ರಸ್ತೆಯ ಒಂದೊಂದು ಪಥಕ್ಕೂ ಅಲ್ಲಿ ಲೆಕ್ಕವಿದೆ. ಅಂಥ ಊರಿನಲ್ಲಿ ಜನವರಿ ಅಥವಾ ಫೆಬ್ರವರಿಯ ಹುಣ್ಣಿಮೆಯ ಹೊತ್ತಿಗೆ ಮುರುಗನ ಭಕ್ತರು ಕಾವಡಿ ಹೊತ್ತು ಲಿಟಲ್ ಇಂಡಿಯಾದಿಂದ ಟ್ಯಾಂಕ್ ರೋಡ್‌ವರೆಗೆ ಬರಿಗಾಲಲ್ಲಿ ನಡೆಯುತ್ತಾರೆ. ಸೆಪ್ಟೆಂಬರ್ ಕೊನೆ ಅಥವಾ ಅಕ್ಟೋಬರ್ ಮೊದಲಿಗೆ ಮೂರು ರಾತ್ರಿ ಮರೀನಾ ಬೇ ಸುತ್ತಮುತ್ತ ಫಾರ್ಮುಲಾ ಒನ್ ಕಾರುಗಳು ಓಡುತ್ತವೆ. ಎರಡೂ ಮಾರ್ಗಗಳು ನಡುಪಟ್ಟಣದಲ್ಲೇ ಇವೆ. ಒಂದರ ಕೊನೆಯಿಂದ ಇನ್ನೊಂದರ ಅಂಚಿಗೆ ನಡೆದೇ ಹೋಗಬಹುದು.

ಹಬ್ಬವನ್ನೂ ರೇಸನ್ನೂ ಅಕ್ಕಪಕ್ಕ ಇಟ್ಟು ನೋಡುವ ಮಾತು ಸಿಂಗಪುರದ ಹಿಂದೂಗಳ ನಡುವೆ ಆಗಾಗ ಏಳುತ್ತದೆ. ಕಾರಿನ ಅಬ್ಬರಕ್ಕೆ ಪರವಾನಗಿ ಉಂಟು, ದೇವರ ಮುಂದೆ ಬಡಿಯುವ ಉರುಮಿಗೆ ಯಾಕಿಲ್ಲ ಎಂಬುದು ಅವರ ಪ್ರಶ್ನೆ. ಮೇಲುನೋಟಕ್ಕೆ ಇದು ಸದ್ದಿನ ತಕರಾರು. ಆದರೆ ಎರಡರ ಚರಿತ್ರೆಯನ್ನೂ ತೆಗೆದು ನೋಡಿದರೆ ಸದ್ದು ಹಿಂದೆ ಸರಿದು ಪರವಾನಗಿ ಮುಂದೆ ಬರುತ್ತದೆ.

ಕಾವಡಿ ಹೊರಡುವ ಬಗೆ

ತಮಿಳರ ತೈ ತಿಂಗಳಲ್ಲಿ ಪುಷ್ಯ ನಕ್ಷತ್ರ ಕೂಡುವ ದಿನ ತೈಪೂಸಂ. ಶೂರಪದ್ಮನನ್ನು ಗೆಲ್ಲಲು ಪಾರ್ವತಿ ಮಗನ ಕೈಗೆ ವೇಲಾಯುಧ ಕೊಟ್ಟ ದಿನವಿದು ಎಂಬ ನಂಬಿಕೆ. ನಮ್ಮಲ್ಲಿ ಸುಬ್ರಹ್ಮಣ್ಯನ ದೊಡ್ಡ ದಿನ ಮಾರ್ಗಶಿರದ ಚಂಪಾಷಷ್ಠಿ. ಕುಕ್ಕೆಯಲ್ಲಿ ಅವನಿಗೆ ನಾಗರೂಪದ ಪೂಜೆ. ತಮಿಳರ ಮುರುಗ ಬೆಟ್ಟದ ಮೇಲೆ ವೇಲ್ ಹಿಡಿದು ನಿಂತವನು. ಅಗಸ್ತ್ಯರು ಹೇಳಿದಂತೆ ಇಡುಂಬನು ಎರಡು ಬೆಟ್ಟಗಳನ್ನು ಅಡ್ಡೆಯ ಎರಡು ತುದಿಗೆ ಕಟ್ಟಿ ಹೆಗಲ ಮೇಲೆ ಹೊತ್ತು ತಂದ ಕತೆಯೇ ಕಾವಡಿಯ ಮೂಲ. ಆ ಬೆಟ್ಟ ಇಳಿದ ಜಾಗ ಪಳನಿ.

ಸಿಂಗಪುರಕ್ಕೆ ಈ ಹಬ್ಬ ಬಂದದ್ದು ಹತ್ತೊಂಬತ್ತನೇ ಶತಮಾನದಲ್ಲಿ ಕಡಲು ದಾಟಿ ಹೋದ ತಮಿಳರ ಜೊತೆ. ಅವರಲ್ಲಿ ಲೇವಾದೇವಿಯ ನಾಟ್ಟುಕೋಟ್ಟೈ ಚೆಟ್ಟಿಯಾರರು 1859ರಲ್ಲಿ ಟ್ಯಾಂಕ್ ರೋಡ್‌ನಲ್ಲಿ ದಂಡಾಯುಧಪಾಣಿ ದೇವಾಲಯ ಕಟ್ಟಿಸಿದರು. ಈಗಲೂ ಅಲ್ಲಿಯ ಜನಕ್ಕೆ ಅದು ಚೆಟ್ಟಿಯಾರ್ ದೇವಸ್ಥಾನ. ಹಬ್ಬದ ಹಿಂದಿನ ದಿನ ಚೆಟ್ಟಿ ಪೂಸಂ; ಅಂದು ಬೆಳ್ಳಿ ರಥದಲ್ಲಿ ಕೂತ ಮುರುಗ ಕಿಯೊಂಗ್ ಸೈಕ್ ರೋಡ್‌ನಲ್ಲಿರುವ ತನ್ನ ಅಣ್ಣ ಗಣಪತಿಯ ಗುಡಿಗೆ ಹೋಗಿ ಬರುತ್ತಾನೆ. ಮರುದಿನದ ಕಾವಡಿ ಮೆರವಣಿಗೆ ಹೊರಡುವುದು ಸೆರಂಗೂನ್ ರಸ್ತೆಯ ಶ್ರೀನಿವಾಸ ಪೆರುಮಾಳ್ ದೇವಾಲಯದಿಂದ. ವಿಷ್ಣುವಿನ ಅಂಗಳದಲ್ಲಿ ಸಿದ್ಧವಾಗಿ ಶಿವನ ಮಗನ ಸನ್ನಿಧಿಗೆ ನಡೆಯುವ ಈ ಏರ್ಪಾಡಿಗೆ ಅಲ್ಲಿ ಯಾರೂ ಹುಬ್ಬೇರಿಸುವುದಿಲ್ಲ. ದೂರ ಮೂರು ಕಿಲೋಮೀಟರಿಗಿಂತ ತುಸು ಹೆಚ್ಚು.

ಹಿಂದಿನ ರಾತ್ರಿಯೇ ಹಾಲಿನ ಕೊಡ ಹೊತ್ತವರು ಹೊರಡುತ್ತಾರೆ. ಮೈಗೆ ಕೊಂಡಿ, ಸಲಾಕೆ ಚುಚ್ಚಿಸಿಕೊಂಡ ದೊಡ್ಡ ಕಾವಡಿಗಳದು ಆಮೇಲಿನ ಸರದಿ. ಪೆರುಮಾಳ್ ಗುಡಿಯ ಪಕ್ಕದ ಚಪ್ಪರದಲ್ಲಿ ಕಾವಡಿ ಕಟ್ಟುವುದನ್ನು ಹತ್ತಿರದಿಂದ ನೋಡಬೇಕು. ಭಕ್ತ ಸ್ಟೂಲಿನ ಮೇಲೆ ಕೂತಿರುತ್ತಾನೆ. ಸೊಂಟಕ್ಕೆ ಅಗಲವಾದ ಲೋಹದ ಪಟ್ಟಿ, ಹೆಗಲಿಗೆ ಮೆತ್ತೆ, ಅದರ ಮೇಲೆ ನವಿಲುಗರಿ ಕಟ್ಟಿದ ಕಮಾನು. ಒಬ್ಬ ಗೆಳೆಯ ಸ್ಪ್ಯಾನರ್ ಹಿಡಿದು ನಟ್ಟು ಬಿಗಿಯುತ್ತಾನೆ. ಇನ್ನೊಬ್ಬ ಕಮಾನಿನಿಂದ ಇಳಿದ ಸಲಾಕೆಗಳ ಮೊನೆಯನ್ನು ಎದೆ ಬೆನ್ನಿಗೆ ಒಂದೊಂದಾಗಿ ಕೂರಿಸುತ್ತಾನೆ. ಚುಚ್ಚುವ ಜಾಗಕ್ಕೆ ವಿಭೂತಿ. ಕೆನ್ನೆಗೆ ಅಡ್ಡಲಾಗಿ ಒಂದು ವೇಲ್, ನಾಲಿಗೆಗೆ ಇನ್ನೊಂದು. ಅಕ್ಕ, ಅಮ್ಮ, ಚಿಕ್ಕಪ್ಪ ಸುತ್ತ ನಿಂತು ‘ವೇಲ್ ವೇಲ್’ ಎಂದು ಕೂಗುತ್ತಿರುತ್ತಾರೆ. ವಾರಗಟ್ಟಲೆ ವ್ರತ ಹಿಡಿದು, ಮಾಂಸ ಬಿಟ್ಟು, ನೆಲದ ಮೇಲೆ ಮಲಗಿದ ಮೈ ಅದು.

ವಾದ್ಯದ ಮಾತು ಹುಟ್ಟುವುದು ಇಲ್ಲೇ. ಉರುಮಿ ಎಂಬುದು ಎರಡು ಮುಖದ ಚರ್ಮವಾದ್ಯ. ಒಂದು ಮುಖವನ್ನು ಬಡಿಯುತ್ತಾರೆ, ಇನ್ನೊಂದನ್ನು ಬಾಗಿದ ಕೋಲಿನಿಂದ ಉಜ್ಜುತ್ತಾರೆ. ಉಜ್ಜಿದಾಗ ಬರುವ ನರಳಿಕೆಯಂಥ ದನಿ ಮೈಯೇರಿಸುತ್ತದೆ. ನಾದಸ್ವರ, ತವಿಲು, ಉರುಮಿ ಇದ್ದರೆ ನೋವು ತಿಳಿಯುವುದಿಲ್ಲ, ಹೆಜ್ಜೆ ತಾನಾಗಿ ಬೀಳುತ್ತದೆ ಎಂದು ಕಾವಡಿ ಹೊತ್ತವರು ಹೇಳುತ್ತಾರೆ. ಅವರ ಪಾಲಿಗೆ ವಾದ್ಯ ಮೆರವಣಿಗೆಯ ಅಲಂಕಾರವಲ್ಲ, ಹರಕೆಯದೇ ಭಾಗ.

ಬೀದಿಯೇ ಟ್ರ್ಯಾಕ್ ಆಗುವಾಗ

ಸಿಂಗಪುರ ಗ್ರ್ಯಾನ್ ಪ್ರೀ ಈಗಿನ ರೂಪದಲ್ಲಿ ಶುರುವಾದದ್ದು 2008ರ ಸೆಪ್ಟೆಂಬರ್ 28ರಂದು. ಫಾರ್ಮುಲಾ ಒನ್ ಚರಿತ್ರೆಯಲ್ಲಿ ರಾತ್ರಿ ನಡೆದ ಮೊದಲ ರೇಸ್ ಅದು. ರಾತ್ರಿಯೇ ಯಾಕೆ? ಸಮಭಾಜಕದ ಬಿಸಿಲು ಒಂದು ನೆಪ. ದೊಡ್ಡ ಕಾರಣ ಯುರೋಪಿನ ಟಿ.ವಿ. ಸಿಂಗಪುರದಲ್ಲಿ ರಾತ್ರಿ 8 ಗಂಟೆಯಾದಾಗ ಪಶ್ಚಿಮ ಯುರೋಪಿನ ಬಹುಭಾಗದಲ್ಲಿ ಮಧ್ಯಾಹ್ನ 2. ಭಾನುವಾರದ ಊಟ ಮುಗಿಸಿ ಸೋಫಾದಲ್ಲಿ ಕೂರುವ ಹೊತ್ತು. ಚಾಲಕರು, ಮೆಕ್ಯಾನಿಕ್‌ಗಳು ಸಿಂಗಪುರಕ್ಕೆ ಬಂದರೂ ಗಡಿಯಾರ ತಿರುಗಿಸುವುದಿಲ್ಲ. ಬೆಳಗಿನ ಜಾವ ಮಲಗಿ ಮಧ್ಯಾಹ್ನ ಏಳುತ್ತಾರೆ. ಹಬ್ಬದ ದಿನವನ್ನು ಚಂದ್ರ ಗೊತ್ತುಮಾಡಿದರೆ ರೇಸಿನ ಹೊತ್ತನ್ನು ಪ್ರಸಾರದ ಹಕ್ಕು ಗೊತ್ತುಮಾಡುತ್ತದೆ.

ಮೊದಲ ವರ್ಷ ಟ್ರ್ಯಾಕಿನ ಉದ್ದ 5.067 ಕಿ.ಮೀ., ತಿರುವು 23, ಸುತ್ತು 61. ನಡುವೆ ಹಲವು ಬದಲಾವಣೆ ಕಂಡು 2023ರಲ್ಲಿ ಅದು 4.940 ಕಿ.ಮೀ., 19 ತಿರುವು, 62 ಸುತ್ತಿಗೆ ಬಂತು. ಪಿಟ್ ಕಟ್ಟಡ ಮತ್ತು ಅದರೆದುರಿನ ತುಂಡು ಮಾತ್ರ ಕಾಯಂ. ಉಳಿದ ಬಹುಭಾಗ ನಿತ್ಯ ಬಸ್ಸು ಟ್ಯಾಕ್ಸಿ ಓಡುವ ರಸ್ತೆ. ರ‍್ಯಾಫಲ್ಸ್ ಬುಲೆವಾರ್ಡ್, ಸೇಂಟ್ ಆಂಡ್ರೂಸ್ ರೋಡ್, ಎಸ್ಪ್ಲನೇಡ್ ಡ್ರೈವ್, ಕಬ್ಬಿಣದ ಕಮಾನುಗಳ ಹಳೆಯ ಆಂಡರ್ಸನ್ ಸೇತುವೆ. ಇವನ್ನು ರೇಸಿಗೆ ಸಿದ್ಧಪಡಿಸಲು ತಿಂಗಳುಗಟ್ಟಲೆ ಕೆಲಸ ನಡೆಯುತ್ತದೆ. ಕಾಂಕ್ರೀಟ್ ತಡೆಗೋಡೆ, ಅದರ ಮೇಲೆ ಬಲೆಬೇಲಿ, ಟ್ರ್ಯಾಕಿನುದ್ದಕ್ಕೂ ಸಾವಿರದೈನೂರಕ್ಕೂ ಹೆಚ್ಚು ದೀಪ. ಬೀದಿ ಟ್ರ್ಯಾಕ್‌ಗಳಲ್ಲಿ ಮ್ಯಾನ್‌ಹೋಲ್ ಮುಚ್ಚಳಗಳನ್ನೂ ಬೆಸುಗೆ ಹಾಕಿ ಕೂರಿಸಬೇಕು. ನೆಲಕ್ಕೆ ಅಂಟಿಕೊಂಡಂತೆ ಓಡುವ ಕಾರಿನ ಹೀರುವಿಕೆಗೆ ಸಡಿಲ ಮುಚ್ಚಳ ಮೇಲೆದ್ದು ಬರುತ್ತದೆ.

ಚಾಲಕರಿಗೆ ಇದು ವರ್ಷದ ಅತಿ ಕಷ್ಟದ ರೇಸ್‌ಗಳಲ್ಲೊಂದು. ತೇವ ತುಂಬಿದ ಗಾಳಿ, ಒಲೆಯಂತೆ ಕಾದ ಕಾಕ್‌ಪಿಟ್, ಉಸಿರು ಬಿಡಲು ಉದ್ದನೆಯ ನೇರ ದಾರಿಯೂ ಕಡಿಮೆ. ಎರಡು ಗಂಟೆಯಲ್ಲಿ ಬೆವರಿಳಿದು ಎರಡು ಮೂರು ಕಿಲೋ ತೂಕ ಕಳೆದುಕೊಳ್ಳುತ್ತಾರೆ. ಕಾವಡಿ ಹೊರುವವನ ಮೈಗೂ ಕಾರಿನಲ್ಲಿ ಕೂತವನ ಮೈಗೂ ಹೋಲಿಕೆ ಕಟ್ಟುವುದು ಬರೆಯುವವರಿಗೆ ಸುಲಭದ ಕೆಲಸ, ಓದಲೂ ಚಂದ. ಆದರೆ ಒಬ್ಬ ಹರಕೆ ತೀರಿಸುತ್ತಿದ್ದಾನೆ, ಇನ್ನೊಬ್ಬ ಕರಾರು ಪೂರೈಸುತ್ತಿದ್ದಾನೆ. ಬೆವರಿನ ಹೋಲಿಕೆಯನ್ನು ಅಷ್ಟಕ್ಕೇ ಬಿಡುವುದು ಒಳ್ಳೆಯದು.

ಮೊದಲ ರೇಸೇ ಹಗರಣವಾಯಿತೆಂಬುದನ್ನು ಹೇಳದೆ ಮುಂದೆ ಹೋಗಲಾಗದು. ರೆನೋ ತಂಡದ ನೆಲ್ಸನ್ ಪಿಕೆ ಜೂನಿಯರ್ ಬೇಕೆಂದೇ ಗೋಡೆಗೆ ಗುದ್ದಿ, ಸೇಫ್ಟಿ ಕಾರು ಹೊರಬರುವಂತೆ ಮಾಡಿ, ಹದಿನೈದನೇ ಸ್ಥಾನದಿಂದ ಹೊರಟಿದ್ದ ಜೊತೆಗಾರ ಫರ್ನಾಂಡೊ ಅಲೊನ್ಸೊ ಗೆಲ್ಲಲು ದಾರಿ ಮಾಡಿಕೊಟ್ಟ. ಮರುವರ್ಷ ನಿಜ ಹೊರಬಿತ್ತು. ಬೆಂಗಳೂರಿನ ವಿಜಯ್ ಮಲ್ಯ ಅವರ ಫೋರ್ಸ್ ಇಂಡಿಯಾ ತಂಡಕ್ಕೂ 2008 ಮೊದಲ ಋತು. ಆ ತಂಡ ಮುಂದೆ 2012ರಲ್ಲಿ ಇದೇ ಟ್ರ್ಯಾಕಿನಲ್ಲಿ ಪಾಲ್ ಡಿ ರೆಸ್ಟಾ ಮೂಲಕ ನಾಲ್ಕನೇ ಸ್ಥಾನ ಗಳಿಸಿತು.

1964, 1968, 1973

1964ರ ಜುಲೈ 21ರಂದು ಪ್ರವಾದಿ ಮಹಮ್ಮದರ ಜನ್ಮದಿನದ ಮೆರವಣಿಗೆ ಸಾಗುತ್ತಿದ್ದಾಗ ಮಲಯರಿಗೂ ಚೀನೀಯರಿಗೂ ಹೊಡೆದಾಟ ಹತ್ತಿಕೊಂಡಿತು. ಆ ತಿಂಗಳಲ್ಲೇ 23 ಜನ ಸತ್ತರು; ಸೆಪ್ಟೆಂಬರಿನಲ್ಲಿ ಮತ್ತೆ ಗಲಭೆಯಾಗಿ ಇನ್ನೂ ಹಲವರು. ಸಿಂಗಪುರ ಆಗ ಮಲೇಷ್ಯಾದ ಭಾಗ. ಮರುವರ್ಷ ಅದರಿಂದ ಹೊರಬಂತು. ಕಾಲ್ನಡಿಗೆಯ ಧಾರ್ಮಿಕ ಮೆರವಣಿಗೆ ಎಂದೊಡನೆ ಅಲ್ಲಿನ ಸರ್ಕಾರ ಇಂದಿಗೂ ನೆನೆಯುವುದು ಆ ದಿನವನ್ನು. ಅಂಥ ಮೆರವಣಿಗೆಗಳು ನಿಷಿದ್ಧವಾದರೂ ಹಿಂದೂಗಳಿಗೆ ಮೂರಕ್ಕೆ ವಿನಾಯಿತಿ ಉಳಿಯಿತು: ತೈಪೂಸಂ, ಪಂಗುನಿ ಉತ್ತಿರಂ ಮತ್ತು ತೀಮಿದಿ. ತೀಮಿದಿ ಎಂದರೆ ದ್ರೌಪದಿ ಅಮ್ಮನ ಹೆಸರಿನ ಕೆಂಡ ಹಾಯುವ ಹಬ್ಬ. ಬೆಂಗಳೂರು ಕರಗ ನೋಡಿದವರಿಗೆ ಆ ದ್ರೌಪದಿ ಹೊಸಬಳಲ್ಲ.

1968ರಲ್ಲಿ ಹೊಸ ದೇಶ ರಜಾದಿನಗಳನ್ನು ಕಡಿತಗೊಳಿಸಿತು. ದುಡಿಮೆಯ ದಿನ ಹೆಚ್ಚಬೇಕು, ಬ್ರಿಟಿಷ್ ಸೇನೆ ಹೊರಟ ಮೇಲೆ ಹೊಟ್ಟೆ ತುಂಬಬೇಕು ಎಂಬ ಆತಂಕದ ಕಾಲ. ಪ್ರತಿ ಧರ್ಮದವರೂ ಒಂದಷ್ಟು ಬಿಟ್ಟುಕೊಡಬೇಕಾಯಿತು. ಹಿಂದೂಗಳಿಗೆ ದೀಪಾವಳಿ ಉಳಿಯಿತು, ತೈಪೂಸಂ ಹೋಯಿತು.

1973ಕ್ಕೆ ಬಂದರೆ ಕತೆ ಕುತೂಹಲ ಕೆರಳಿಸುತ್ತದೆ. ಮೆರವಣಿಗೆಯಲ್ಲಿ ಗುಂಪುಗಳ ನಡುವೆ ಪೈಪೋಟಿ, ಕಿತ್ತಾಟ ಆಗುತ್ತವೆಂಬ ಕಾರಣಕ್ಕೆ ದಾರಿಯಲ್ಲಿ ವಾದ್ಯ ನುಡಿಸುವುದು ಆ ವರ್ಷದಿಂದ ಬಂದ್ ಆಯಿತು. ಅದೇ ವರ್ಷ ಸಿಂಗಪುರದ ಕಾರು ರೇಸೂ ನಿಂತಿತು. ಹೌದು, 2008ಕ್ಕೆ ಮುಂಚೆಯೂ ಅಲ್ಲಿ ಗ್ರ್ಯಾನ್ ಪ್ರೀ ಇತ್ತು. ಪ್ರವಾಸಿಗಳನ್ನು ಸೆಳೆಯಲೆಂದು 1961ರಲ್ಲಿ ಶುರುವಾದ ಅದು ಅಪ್ಪರ್ ಥಾಮ್ಸನ್ ರಸ್ತೆಯಲ್ಲಿ ನಡೆಯುತ್ತಿತ್ತು. ಫಾರ್ಮುಲಾ ಒನ್ ಚಾಂಪಿಯನ್‌ಷಿಪ್‌ಗೆ ಸೇರಿರಲಿಲ್ಲ, ಜನ ಮಾತ್ರ ಮುಗಿಬೀಳುತ್ತಿದ್ದರು. ಸುಮಾರು 4.8 ಕಿ.ಮೀ. ಸುತ್ತು, ಪಕ್ಕದಲ್ಲಿ ಆಳವಾದ ಚರಂಡಿ, ದೀಪದ ಕಂಬ, ಬಸ್ ನಿಲ್ದಾಣ. ಒಂದು ತಿರುವಿಗೆ ಜನ ಸೈತಾನನ ತಿರುವು ಎಂದೇ ಹೆಸರಿಟ್ಟಿದ್ದರು. ಸಾವುಗಳಾದವು. ರಸ್ತೆ ಮುಚ್ಚಿದರೆ ಊರಿಗೆಲ್ಲ ತೊಂದರೆ, ಹುಡುಗರು ರೇಸ್ ನೋಡಿ ಬೀದಿಯಲ್ಲೂ ಹಾಗೇ ಓಡಿಸುತ್ತಾರೆ ಎಂಬ ದೂರು ಬೇರೆ. 1973ರ ರೇಸೇ ಕೊನೆಯದಾಯಿತು.

ಇನ್ನೊಂದು ಸಂಗತಿಯೂ ಅದೇ ವರ್ಷದ್ದು. 1972ರಲ್ಲಿ ಪಟಾಕಿಗೆ ಪೂರ್ಣ ನಿಷೇಧ ಬಿದ್ದು ಚೀನೀ ಹೊಸವರ್ಷ ಸಪ್ಪೆಯಾಯಿತೆಂದು 1973ರ ಫೆಬ್ರವರಿಯಲ್ಲಿ ಚಿಂಗೇ ಎಂಬ ಬೀದಿ ಮೆರವಣಿಗೆಯನ್ನು ಸರ್ಕಾರದ ಕಡೆಯಿಂದಲೇ ಏರ್ಪಡಿಸಿದರು. ಚಿಂಗೇ ಮೂಲದಲ್ಲಿ ಚೀನೀ ದೇವರ ಉತ್ಸವಗಳ ಮೆರವಣಿಗೆ. ಹೊಸ ಅವತಾರದಲ್ಲಿ ದೇವರು ಹಿಂದೆ ಸರಿದು ಡೋಲು, ಬಾವುಟ, ಸ್ತಬ್ಧಚಿತ್ರ ಉಳಿದವು. ಮುಂದೆ ಅದು ವರ್ಷಗಟ್ಟಲೆ ನಡೆದದ್ದು ಫಾರ್ಮುಲಾ ಒನ್ ಪಿಟ್ ಕಟ್ಟಡದ ಎದುರಿನ ಟ್ರ್ಯಾಕಿನ ಮೇಲೆಯೇ.

ಒಂದೇ ವರ್ಷ ಉರುಮಿಗೂ ಎಂಜಿನ್ನಿಗೂ ಬೀಗ, ಮೂರನೆಯದಕ್ಕೆ ಬಾಗಿಲು. ಹಾಗಾಗಿ ರೇಸೆಂದರೆ ಸಿಂಗಪುರ ಸರ್ಕಾರಕ್ಕೆ ಮೊದಲಿನಿಂದಲೂ ಮುದ್ದು ಎಂದು ಹೇಳುವಂತಿಲ್ಲ. ಒಂದು ಕಾಲಕ್ಕೆ ರೇಸೂ ಅದರ ಕಣ್ಣಿಗೆ ಬರೀ ಗಲಾಟೆಯೇ ಆಗಿತ್ತು.

2015ರ ಜಗಳ

ಮೂವತ್ತೈದು ವರ್ಷದ ಮೇಲೆ ರೇಸ್ ಮರಳಿ ಬಂತು. ವಾದ್ಯ ಬರಲಿಲ್ಲ. ದೇವಾಲಯದ ಒಳಗೆ ಅಡ್ಡಿಯಿಲ್ಲ, ದಾರಿಯಲ್ಲಿ ಹಾಡಬಹುದು, ಡೋಲು ಮಾತ್ರ ಕೂಡದು ಎಂಬ ಸ್ಥಿತಿ. ಹಾಗೆಂದು ದಾರಿ ಪೂರ್ತಿ ಮೌನವಾಗಿತ್ತೆಂದಲ್ಲ. ನಿಷೇಧವಿದ್ದರೂ ಗೆಳೆಯರು ಡೋಲು ತರುವುದು, ಪೊಲೀಸರು ನಿಲ್ಲಿಸುವುದು ನಡೆದೇ ಇತ್ತು. 2015ರ ಫೆಬ್ರವರಿ 3ರ ತೈಪೂಸಂ ದಿನ ಸೆರಂಗೂನ್ ರಸ್ತೆಯಲ್ಲಿ ಡೋಲು ನಿಲ್ಲಿಸುವ ವಿಚಾರಕ್ಕೆ ತಳ್ಳಾಟವಾಗಿ ಮೂವರ ಬಂಧನವಾಯಿತು. ಅದಾದ ಮೇಲೆ ಎಲ್ಲೆಲ್ಲೂ ಇದೇ ಮಾತು. ಸಿಂಹನೃತ್ಯಕ್ಕೆ ಡೋಲು ಉಂಟು, ಚಿಂಗೇಗೆ ಉಂಟು, ಮೂರು ರಾತ್ರಿ ಕಾರಿನ ಅಬ್ಬರಕ್ಕೆ ಇಡೀ ನಡುಪಟ್ಟಣವೇ ಉಂಟು, ಇಲ್ಲಿ ಮಾತ್ರ ಯಾಕಿಲ್ಲ?

ಸರ್ಕಾರದ ಪರವಾಗಿ ಮಾತಾಡಿದವರು ಆಗಿನ ಕಾನೂನು ಸಚಿವ ಕೆ. ಷಣ್ಮುಗಂ, ತಾವೇ ತಮಿಳು ಹಿಂದೂ. ಸದ್ದು ಎಷ್ಟು ಎಂಬುದಲ್ಲ ಪ್ರಶ್ನೆ, ಮೆರವಣಿಗೆ ಧಾರ್ಮಿಕವೋ ಅಲ್ಲವೋ ಎಂಬುದು. ಧಾರ್ಮಿಕ ಮೆರವಣಿಗೆಗೆ ಬೇರೆಯವರಿಗೆ ಇಲ್ಲದ ವಿನಾಯಿತಿ ಹಿಂದೂಗಳಿಗೆ ಈಗಾಗಲೇ ಇದೆ ಎಂಬುದು ಸರ್ಕಾರದ ನಿಲುವಿನ ಸಾರ. ಭಕ್ತರಲ್ಲಿ ಮೂವರು ಹೈಕೋರ್ಟಿಗೆ ಹೋದರು. ಸಿಂಗಪುರ ಸಂವಿಧಾನದ 15ನೇ ವಿಧಿ ಧರ್ಮಾಚರಣೆಯ ಸ್ವಾತಂತ್ರ್ಯ ಕೊಡುತ್ತದೆ, ಜೊತೆಗೇ ಸಾರ್ವಜನಿಕ ಸುವ್ಯವಸ್ಥೆಯ ಕಟ್ಟನ್ನೂ ಹಾಕುತ್ತದೆ. ಅರ್ಜಿ ಅದೇ ವರ್ಷ ವಜಾ ಆಯಿತು.

ಈ ವಾದ ಪ್ರತಿವಾದದಲ್ಲಿ ನನಗೆ ಎರಡೂ ಕಡೆ ಅರೆಕೊರೆ ಕಾಣುತ್ತದೆ. ರೇಸಿನ ಸದ್ದನ್ನು ಮುಂದಿಡುವುದು ದುರ್ಬಲ ವಾದ. 2014ರಲ್ಲಿ ವಿ8 ಎಂಜಿನ್ ಹೋಗಿ ಟರ್ಬೊ ಹೈಬ್ರಿಡ್ ಬಂದ ಮೇಲೆ ಕಾರುಗಳ ದನಿ ಬಹಳ ಇಳಿಯಿತು, ಹಾಗೆಂದು ಹಿಂದೂಗಳ ದೂರು ಇಳಿಯಲಿಲ್ಲವಲ್ಲ. ಇನ್ನೊಂದು ಕಡೆ, ‘ಇದು ಧಾರ್ಮಿಕ, ಅದು ಅಲ್ಲ’ ಎಂದು ಗೆರೆ ಎಳೆಯುವುದು ಸರ್ಕಾರಕ್ಕೆ ಅನುಕೂಲದ ಮಾತು. ದೇವರ ಉತ್ಸವವಾಗಿದ್ದ ಚಿಂಗೇಯನ್ನು ಗೆರೆಯ ಆಚೆ ದಾಟಿಸಿದ್ದೂ ಸರ್ಕಾರವೇ. ತೈಪೂಸಂ ದಾಟಲು ಒಪ್ಪಲಿಲ್ಲ, ಒಪ್ಪುವಂಥದೂ ಅಲ್ಲ. ಕೊಂಡಿ ಚುಚ್ಚಿಸಿಕೊಂಡು ನಡೆಯುವುದನ್ನು ಪ್ರದರ್ಶನವೆಂದು ಕರೆದರೆ ಮೊದಲು ಸಿಟ್ಟಾಗುವವನು ಕಾವಡಿ ಹೊತ್ತವನೇ.

ಕೋರ್ಟು ಕೊಡದ್ದನ್ನು ಮಾತುಕತೆ ಕೊಟ್ಟಿತು. ದೇವಾಲಯಗಳ ಆಡಳಿತ ನೋಡುವ ಹಿಂದೂ ಎಂಡೋಮೆಂಟ್ಸ್ ಬೋರ್ಡ್ ಸಮುದಾಯದವರೊಂದಿಗೂ ಪೊಲೀಸರೊಂದಿಗೂ ಕೂತು ಮಾತಾಡಿತು. 2016ರ ತೈಪೂಸಂಗೆ ದಾರಿಯ ಮೂರು ಕಡೆ ಕಲಾವಿದರು ನಿಂತು ನುಡಿಸಲು ಒಪ್ಪಿಗೆ ಸಿಕ್ಕಿತು, ನಾಲ್ಕು ದಶಕದಲ್ಲಿ ಮೊದಲ ಸಲ. ಮುಂದೆ ಇಂಥ ಜಾಗಗಳು ಹೆಚ್ಚಿದವು. ನಡೆಯುತ್ತ ಬಡಿಯುವ ಹಾಗಿಲ್ಲ. ವಾದ್ಯ ನಿಂತಲ್ಲೇ ನಿಂತಿರಬೇಕು, ಕಾವಡಿ ಅದರ ಮುಂದೆ ಹಾದುಹೋಗಬೇಕು.

ಯಾರ ದುಡ್ಡು, ಯಾರ ಲೆಕ್ಕ

ಹಬ್ಬದ ಅರ್ಥವ್ಯವಸ್ಥೆ ಚಿಕ್ಕದು. ಭಕ್ತ ಶುಲ್ಕ ಕಟ್ಟಿ ಚೀಟಿ ಪಡೆಯುತ್ತಾನೆ; ಹೊರಡುವ ಹೊತ್ತು ಅದರಲ್ಲೇ ಗೊತ್ತಾಗಿರುತ್ತದೆ. ಕಾವಡಿಯ ಅಳತೆಗೂ ಮಿತಿ ಉಂಟು. ಉಳಿದದ್ದು ದೇವಾಲಯಗಳ ಖರ್ಚು, ದಾನಿಗಳ ಅನ್ನದಾನ, ಸ್ವಯಂಸೇವಕರ ಕೈಕೆಲಸ.

ರೇಸಿನದು ಬೇರೆ ಗಾತ್ರ. ಶುರುವಿನಲ್ಲಿ ವರ್ಷಕ್ಕೆ ಸುಮಾರು 15 ಕೋಟಿ ಸಿಂಗಪುರ ಡಾಲರ್ ಖರ್ಚು; ಅದರಲ್ಲಿ ಶೇ 60ರಷ್ಟನ್ನು ಸರ್ಕಾರವೇ ಹೊತ್ತಿತು. ಹೊತ್ತದ್ದನ್ನು ವಸೂಲು ಮಾಡುವ ಉಪಾಯವೂ ಜಾಣತನದ್ದು: ರೇಸಿನ ದಿನಗಳಲ್ಲಿ ಟ್ರ್ಯಾಕ್ ಪಕ್ಕದ ಹೋಟೆಲುಗಳ ಮೇಲೆ ವಿಶೇಷ ಸೆಸ್, ಉಳಿದವಕ್ಕೆ ಅದಕ್ಕಿಂತ ಕಡಿಮೆ. 2022ರಲ್ಲಿ ಮೂರು ದಿನಕ್ಕೆ 3,02,000 ಜನ ಸೇರಿದ್ದು ಆವರೆಗಿನ ದಾಖಲೆ. ಹೊಳೆಯುವ ನಗರದ ಚಿತ್ರ ಜಗತ್ತಿನ ಟಿ.ವಿ.ಗಳಲ್ಲಿ ಎರಡು ಗಂಟೆ ಓಡುವುದಕ್ಕೆ ಬೆಲೆ ಕಟ್ಟಿದರೆ ಅದು ಬೇರೆಯೇ ಲೆಕ್ಕ.

ಆ ಲೆಕ್ಕಕ್ಕೆ ಮಸಿಯೂ ಮೆತ್ತಿತು. ರೇಸನ್ನು ಸಿಂಗಪುರಕ್ಕೆ ತರುವಲ್ಲಿ ಮುಂದಿದ್ದ ಸಚಿವ ಎಸ್. ಈಶ್ವರನ್ 2024ರ ಜನವರಿಯಲ್ಲಿ ರಾಜೀನಾಮೆ ಕೊಟ್ಟರು. ಸರ್ಕಾರಿ ಹುದ್ದೆಯಲ್ಲಿದ್ದು ಬೆಲೆಬಾಳುವ ಉಡುಗೊರೆ ಪಡೆದದ್ದೇ ಮೊದಲಾದ ಆರೋಪಗಳಲ್ಲಿ ತಪ್ಪೊಪ್ಪಿಕೊಂಡ ಅವರಿಗೆ ಅಕ್ಟೋಬರಿನಲ್ಲಿ 12 ತಿಂಗಳ ಜೈಲಾಯಿತು. ಕೊಟ್ಟವರಲ್ಲಿ ಒಬ್ಬರು ರೇಸಿನ ರೂವಾರಿ, ಉದ್ಯಮಿ ಒಂಗ್ ಬೆಂಗ್ ಸೆಂಗ್. ಭ್ರಷ್ಟಾಚಾರವಿಲ್ಲದ ದೇಶವೆಂದು ಹೆಸರಾದಲ್ಲಿ ಇದು ದೊಡ್ಡ ಸುದ್ದಿಯಾಯಿತು. ರೇಸಿಗೆ ಏನೂ ಆಗಲಿಲ್ಲ; 2028ರವರೆಗಿನ ಒಪ್ಪಂದ ಹಾಗೇ ಇದೆ.

ಕೋವಿಡ್ ಬಂದಾಗ ಎರಡಕ್ಕೂ ಒಂದೇ ನಿಯಮ. 2020 ಮತ್ತು 2021ರ ರೇಸ್ ರದ್ದು. 2021 ಮತ್ತು 2022ರ ತೈಪೂಸಂನಲ್ಲಿ ಮೆರವಣಿಗೆ, ಕಾವಡಿ ಇಲ್ಲ, ಮೊದಲೇ ಹೊತ್ತು ಕಾದಿರಿಸಿ ದೇವಾಲಯದ ಒಳಗಷ್ಟೇ ಹಾಲಿನ ಸೇವೆ. ರೇಸ್ 2022ರ ಅಕ್ಟೋಬರಿನಲ್ಲಿ ಮರಳಿತು, ಮೆರವಣಿಗೆ 2023ರ ಫೆಬ್ರವರಿಯಲ್ಲಿ.

ಸೇತುವೆಯಾಚೆ

ಜೊಹೊರ್ ಸೇತುವೆ ದಾಟಿದರೆ ಚಿತ್ರ ತಿರುಗಿ ನಿಲ್ಲುತ್ತದೆ. ಮಲೇಷ್ಯಾದಲ್ಲಿ ಮುಸ್ಲಿಮರು ಬಹುಸಂಖ್ಯಾತರು. ಆದರೂ ಕ್ವಾಲಾಲಂಪುರ, ಸೆಲಾಂಗೊರ್, ಪಿನಾಂಗ್, ಪೆರಾಕ್, ಜೊಹೊರ್ ಮೊದಲಾದ ಕಡೆ ತೈಪೂಸಂ ಸರ್ಕಾರಿ ರಜೆ. ಬಾಟು ಗುಹೆಗಳ 272 ಮೆಟ್ಟಿಲು ಹತ್ತಲು ಲಕ್ಷಾಂತರ ಜನ ಬರುತ್ತಾರೆ. ಉರುಮಿ ಬಡಿಯಲು ಅಲ್ಲಿ ಜಾಗ ಗುರುತಿಸಿ ಕೊಡಬೇಕಾಗಿಲ್ಲ. ಮೆಟ್ಟಿಲ ಬುಡದಲ್ಲಿ ಸುಮಾರು 43 ಮೀಟರ್ ಎತ್ತರದ ಬಂಗಾರ ಬಣ್ಣದ ಮುರುಗ 2006ರಿಂದ ನಿಂತಿದ್ದಾನೆ.

ರೇಸ್ ಮಾತ್ರ ಅಲ್ಲಿ ಊರಾಚೆ. ವಿಮಾನ ನಿಲ್ದಾಣದ ಹತ್ತಿರದ ಸೆಪಾಂಗ್‌ನಲ್ಲಿ ಅದಕ್ಕೆಂದೇ ಟ್ರ್ಯಾಕ್ ಕಟ್ಟಿ 1999ರಿಂದ ಫಾರ್ಮುಲಾ ಒನ್ ನಡೆಸಿದರು. ಖರ್ಚು ಏರಿತು, ಟಿಕೆಟ್ ಮಾರಾಟ ಇಳಿಯಿತು, 2017ಕ್ಕೆ ನಿಲ್ಲಿಸಿದರು. ಪಕ್ಕದ ಸಿಂಗಪುರದ ರಾತ್ರಿ ರೇಸ್ ಜನರನ್ನು ಎಳೆದುಕೊಂಡದ್ದೂ ಒಂದು ಕಾರಣವೆಂಬ ಮಾತು ಆಗ ಕೇಳಿಬಂದಿತ್ತು.

ಸಿಂಗಪುರದಲ್ಲಿ ತೈಪೂಸಂ ರಜೆಯನ್ನು ಮರಳಿಸಬೇಕೆಂಬ ಬೇಡಿಕೆ ಆಗಾಗ ಏಳುತ್ತದೆ. ಒಂದು ಸಮುದಾಯಕ್ಕೆ ಕೊಟ್ಟರೆ 1968ರಲ್ಲಿ ಬಿಟ್ಟುಕೊಟ್ಟ ಉಳಿದವರೂ ಕೇಳುತ್ತಾರೆ ಎಂಬುದು ಸರ್ಕಾರದ ಉತ್ತರ. ಹಬ್ಬ ವಾರದ ನಡುವೆ ಬಿದ್ದರೆ ಕಾವಡಿ ಹೊರುವವನೂ, ಅವನ ನಟ್ಟು ಬಿಗಿಯುವ ಗೆಳೆಯನೂ ಕಚೇರಿಗೆ ರಜೆ ಹಾಕಿಯೇ ಬರಬೇಕು.